ಓದುಗರ ಪ್ರಶ್ನೆ, ಟೀಚರ್ ಉತ್ತರ: ನನ್ನ ಪಟ್ಟಿಯಲ್ಲಿ ಬಿಟ್ಟುಹೋದ ಹೆಸರು

ಈ ಸಲ ಬಂದ ಪತ್ರಗಳಲ್ಲಿ ಅಮೆರಿಕದ ಶಾಲೆಗಳ ಮೇಲಿನವೇ ಹೆಚ್ಚು. ಅಲ್ಲಿನ ಸರ್ಕಾರಿ ಶಾಲೆಯೊಂದರಲ್ಲಿ 26 ವರ್ಷ ಗಣಿತ ಹೇಳಿಕೊಟ್ಟವಳು ನಾನು ಅನ್ನುವುದು ಓದುಗರಿಗೆ ಗೊತ್ತಿರುವುದೇ ಅದಕ್ಕೆ ಕಾರಣ ಇರಬೇಕು. ಮೂರು ಪತ್ರ ಆರಿಸಿಕೊಂಡಿದ್ದೇನೆ. ಮೊದಲನೆಯದರ ಉತ್ತರ ಉದ್ದವಾಗಿದೆ. ಆ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ, ಮಗಳು 6ನೇ ತರಗತಿ. ಇಲ್ಲಿ ಇದುವರೆಗೆ 7ನೇ ತರಗತಿಯ ಅಡ್ವಾನ್ಸ್ಡ್ ಮ್ಯಾಥ್ಸ್ ಕ್ಲಾಸಿಗೆ ಟೀಚರ್ ಶಿಫಾರಸು ಮಾಡಿದ ಮಕ್ಕಳನ್ನು ಮಾತ್ರ ತೆಗೆದುಕೊಳ್ಳುತ್ತಿದ್ದರು. ಈ ವರ್ಷದಿಂದ ಶಿಫಾರಸು ಇಲ್ಲವಂತೆ. ಎಲ್ಲ ಮಕ್ಕಳಿಗೂ ಶಾಲೆಯ ವೇಳೆಯಲ್ಲೇ ಒಂದು ಪರೀಕ್ಷೆ ಇಟ್ಟು, ಇಷ್ಟು ಅಂಕ ಬಂದವರನ್ನೆಲ್ಲ ಯಾರೂ ಕೇಳದಿದ್ದರೂ ಸೇರಿಸುತ್ತಾರಂತೆ. ಜನಾಂಗೀಯ ಸಮಾನತೆಗಾಗಿ ಇದು ಅನ್ನುತ್ತಿದ್ದಾರೆ. ನಮ್ಮ ಕನ್ನಡದವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಲ್ಲರಿಗೂ ಸಿಟ್ಟು. ಕ್ಲಾಸಿನ ಮಟ್ಟ ಇಳಿಯುತ್ತದೆ, ಕಷ್ಟಪಟ್ಟು ಓದಿದ ನಮ್ಮ ಮಕ್ಕಳ ಜಾಗ ಹೋಗುತ್ತದೆ ಅಂತ. ಸ್ಕೂಲ್ ಬೋರ್ಡ್ ಸಭೆಯಲ್ಲಿ ಇದನ್ನು ವಿರೋಧಿಸಿ ಮಾತಾಡುವ ಕೆಲಸ ನನಗೆ ವಹಿಸಿದ್ದಾರೆ. ಏನು ಹೇಳಲಿ?
– ಹೆಸರು ಬೇಡ, ನ್ಯೂಜೆರ್ಸಿ

ಉತ್ತರ: ಮಾತಾಡುವ ಮೊದಲು ನನ್ನದೊಂದು ತಪ್ಪನ್ನು ಕೇಳಿಸಿಕೊಳ್ಳಿ.

ನಾನು ಕೆಲಸಕ್ಕೆ ಸೇರಿದ ನಾಲ್ಕನೇ ವರ್ಷ. ಪ್ರತಿ ಮೇ ತಿಂಗಳು 6ನೇ ತರಗತಿಯ ಗಣಿತದ ಟೀಚರುಗಳು ಒಂದು ಹಾಳೆ ತುಂಬಬೇಕಿತ್ತು. ಮಗುವಿನ ಹೆಸರು, ವರ್ಷದ ಅಂಕ, ಹೋಮ್‌ವರ್ಕ್, ನಡವಳಿಕೆ, ಕೊನೆಯಲ್ಲಿ ‘ಶಿಫಾರಸು: ಹೌದು / ಇಲ್ಲ’. ನನ್ನ ನಾಲ್ಕು ಕ್ಲಾಸುಗಳಲ್ಲಿ ಸೇರಿ 104 ಮಕ್ಕಳಿದ್ದರು. ಅವರಲ್ಲಿ 19 ಮಕ್ಕಳಿಗೆ ‘ಹೌದು’ ಬರೆದೆ. ಒಂದು ಭಾನುವಾರ ಸಂಜೆ, ಅಡುಗೆಮನೆಯ ಮೇಜಿನ ಮೇಲೆ, ಒಂದೂವರೆ ಗಂಟೆಯಲ್ಲಿ ಆ ಕೆಲಸ ಮುಗಿಸಿ ಎದ್ದೆ.

ಬೇಸಿಗೆ ರಜೆಗೆ ಎರಡು ವಾರ ಇರುವಾಗ ರಾಜ್ಯಮಟ್ಟದ ಪರೀಕ್ಷೆಯ ಫಲಿತಾಂಶ ಬಂತು. ನಮ್ಮ ಶಾಲೆಯ ಕೌನ್ಸೆಲರ್ ಹಿರಿಯ ಕಪ್ಪು ಮಹಿಳೆ, ಮಾತು ಕಡಿಮೆ. ನನ್ನ ರೂಮಿಗೆ ಬಂದು ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟರು. ಒಂದು ನಾನು ಬರೆದ ಪಟ್ಟಿ, ಇನ್ನೊಂದು ಅಂಕಪಟ್ಟಿ. ಒಂದು ಹೆಸರಿನ ಮೇಲೆ ಬೆರಳಿಟ್ಟು, “ಈ ಹುಡುಗಿ ನಿಮ್ಮ ಪಟ್ಟಿಯಲ್ಲಿ ಎಲ್ಲಿದ್ದಾಳೆ?” ಅಂದರು. ಕಿಟಕಿ ಪಕ್ಕದಲ್ಲಿ ಕೂರುತ್ತಿದ್ದ ಕಪ್ಪು ಹುಡುಗಿ. ನಾನು ಶಿಫಾರಸು ಮಾಡಿದ ಎಂಟು ಮಕ್ಕಳಿಗಿಂತ ಅವಳ ಅಂಕ ಹೆಚ್ಚಿತ್ತು.

“ಅವಳು ಹೋಮ್‌ವರ್ಕ್ ಕೊಡೋದೇ ಇಲ್ಲ” ಅಂದೆ. ಅದು ಸುಳ್ಳಲ್ಲ. ತಾಯಿಯ ಶಿಫ್ಟ್ ಮುಗಿಯುವವರೆಗೆ ತಮ್ಮನನ್ನು ನೋಡಿಕೊಳ್ಳುವ ಭಾರ ಅವಳ ಮೇಲಿತ್ತು ಅನ್ನುವುದು ನನಗೆ ಆಮೇಲೆ ಗೊತ್ತಾಯಿತು. ನಾನು ಕೇಳಿಯೇ ಇರಲಿಲ್ಲ. ಕೌನ್ಸೆಲರ್ ಇನ್ನೊಂದು ಹೆಸರಿನ ಮೇಲೆ ಬೆರಳಿಟ್ಟರು. ಅವನು ನಮ್ಮವನೇ, ಭಾರತೀಯ ಹುಡುಗ. ಅವನದೂ ಹೋಮ್‌ವರ್ಕ್ ಅರ್ಧಂಬರ್ಧ. ಅವನ ಮುಂದೆ ನನ್ನದೇ ಕೈಬರಹದಲ್ಲಿ ಹೀಗಿತ್ತು: ‘ತುಂಬಾ ಬುದ್ಧಿವಂತ, ಸ್ವಲ್ಪ ಸೋಮಾರಿ. ಸವಾಲು ಸಿಕ್ಕರೆ ಸರಿಹೋಗುತ್ತಾನೆ.’ ಹುಡುಗಿಯ ಮುಂದೆ: ‘ಇನ್ನೂ ತಯಾರಿಲ್ಲ.’

ಇಬ್ಬರದೂ ಅದೇ ಕೊರತೆ. ಒಬ್ಬನದಕ್ಕೆ ನಾನು ಔಷಧಿ ಬರೆದೆ, ಇನ್ನೊಬ್ಬಳದಕ್ಕೆ ತೀರ್ಪು ಬರೆದೆ. ಆ ಹುಡುಗನ ತಾಯಿ ನನಗೆ ಎರಡು ಸಲ ಇಮೇಲ್ ಕಳಿಸಿದ್ದರು, ದೀಪಾವಳಿಗೆ ಸಿಹಿ ಕೊಟ್ಟಿದ್ದರು. ಆ ಮನೆ ನನಗೆ ಗೊತ್ತಿತ್ತು, ಹಾಗಾಗಿ ಆ ಮಗುವಿನ ಮೇಲೆ ನಂಬಿಕೆಯೂ ಇತ್ತು. ನಾನು ಜನಾಂಗ ನೋಡಿ ಮಕ್ಕಳನ್ನು ಅಳೆಯುವವಳು ಅಂತ ಅದಕ್ಕೆ ಮುಂಚೆ ಯಾರಾದರೂ ಹೇಳಿದ್ದರೆ ಅವರ ಜೊತೆ ಜಗಳ ಆಡುತ್ತಿದ್ದೆ.

ಅಷ್ಟು ಹೊತ್ತಿಗೆ ಕ್ಲಾಸು ತುಂಬಿ ವೇಳಾಪಟ್ಟಿ ಅಚ್ಚಾಗಿತ್ತು. ಪ್ರಿನ್ಸಿಪಾಲರು “ಮುಂದಿನ ವರ್ಷ ನೋಡೋಣ” ಅಂದರು. ಆದರೆ ಅಲ್ಲಿನ ಗಣಿತದಲ್ಲಿ ಮುಂದಿನ ವರ್ಷ ಅನ್ನುವುದು ಇಲ್ಲ. 7ರಲ್ಲಿ ಆ ಕ್ಲಾಸು ಸಿಕ್ಕರೆ 8ರಲ್ಲಿ ಆಲ್ಜೀಬ್ರಾ. ಅಲ್ಲಿಂದ 9ರಲ್ಲಿ ಜಾಮಿಟ್ರಿ, 10ರಲ್ಲಿ ಎರಡನೇ ಆಲ್ಜೀಬ್ರಾ, 11ರಲ್ಲಿ ಪ್ರಿಕ್ಯಾಲ್ಕುಲಸ್, 12ರಲ್ಲಿ ಕ್ಯಾಲ್ಕುಲಸ್. ಎಂಜಿನಿಯರಿಂಗ್ ಕಾಲೇಜುಗಳು ನೋಡುವುದು ಆ ಕೊನೆಯ ಮೆಟ್ಟಿಲನ್ನು. ಹನ್ನೊಂದು ವರ್ಷದ ಮಗುವಿಗೆ ಮೊದಲ ಮೆಟ್ಟಿಲು ತಪ್ಪಿದರೆ, ಹದಿನೇಳರಲ್ಲಿ ‘ಈ ಜನಾಂಗದ ಮಕ್ಕಳು ಕ್ಯಾಲ್ಕುಲಸ್‌ನಲ್ಲಿ ಕಡಿಮೆ’ ಅಂತ ಒಂದು ಅಂಕಿಅಂಶ ಆಗಿ ಹೊರಗೆ ಬರುತ್ತದೆ. ಮರುವರ್ಷ ಆ ಹುಡುಗಿಯ ಮನೆಯವರು ಬೇರೆ ಊರಿಗೆ ಹೋದರು. ಅವಳಿಗೆ ಮುಂದೆ ಏನಾಯಿತೋ ನನಗೆ ತಿಳಿಯದು.

1960ರ ದಶಕದಲ್ಲಿ ಮಿಸಿಸಿಪ್ಪಿಯಲ್ಲಿ ಕಪ್ಪು ಜನರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಲು ಏಟು ತಿಂದು ದುಡಿದ ಬಾಬ್ ಮೋಸೆಸ್, 1982ರಲ್ಲಿ ಆಲ್ಜೀಬ್ರಾ ಪ್ರಾಜೆಕ್ಟ್ ಶುರುಮಾಡಿದರು. ಮತದ ಹಕ್ಕಿಗೆ ಹೋರಾಡಿದವರು ಮಕ್ಕಳ ಬೀಜಗಣಿತಕ್ಕೆ ಯಾಕೆ ಬಂದರು ಅಂತ ನನಗೆ ಮೊದಲು ಅರ್ಥವಾಗಿರಲಿಲ್ಲ. ಆ ಎರಡು ಹಾಳೆ ನೋಡಿದ ಮೇಲೆ ಅರ್ಥವಾಯಿತು. ಅಲ್ಲೂ ಪಟ್ಟಿ, ಇಲ್ಲೂ ಪಟ್ಟಿ. ಯಾರ ಹೆಸರು ಬರೆಯಬೇಕು ಅನ್ನುವುದು ಇನ್ನೊಬ್ಬರ ಕೈಯಲ್ಲಿ.

ಇನ್ನು ಮಟ್ಟ ಇಳಿಯುವ ಮಾತು. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ, ಒಂದೇ ಅಂಕದ ಗೆರೆ. ಆ ಗೆರೆಯನ್ನು ಯಾರಿಗೂ ಕೆಳಗೆ ಎಳೆದಿಲ್ಲ. ಫ್ಲಾರಿಡಾದ ಒಂದು ದೊಡ್ಡ ಶಾಲಾ ಜಿಲ್ಲೆ 2005ರಲ್ಲಿ ಇದೇ ದಾರಿ ಹಿಡಿದಿತ್ತು. ಪ್ರತಿಭಾವಂತ ಮಕ್ಕಳ ವಿಶೇಷ ತರಗತಿಗೆ ಅಲ್ಲಿಯವರೆಗೆ ಟೀಚರೋ ತಂದೆತಾಯಿಯೋ ಹೆಸರು ಸೂಚಿಸಬೇಕಿತ್ತು. ಅದರ ಬದಲು 2ನೇ ತರಗತಿಯ ಎಲ್ಲ ಮಕ್ಕಳನ್ನೂ ಪರೀಕ್ಷಿಸಿದರು. ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಲಾರಾ ಜೂಲಿಯಾನೊ ಅದನ್ನು ಅಧ್ಯಯನ ಮಾಡಿದ್ದಾರೆ. ಕಪ್ಪು ಮಕ್ಕಳು ಆಯ್ಕೆಯಾಗುವ ಸಾಧ್ಯತೆ ಶೇ 80ರಷ್ಟು, ಹಿಸ್ಪ್ಯಾನಿಕ್ (ಸ್ಪ್ಯಾನಿಷ್ ಮಾತಾಡುವ ನಾಡುಗಳ ಮೂಲದ) ಮಕ್ಕಳದು ಶೇ 130ರಷ್ಟು ಹೆಚ್ಚಿತು. ಆ ಮಕ್ಕಳಿಗೆ ಬುದ್ಧಿ ಆ ವರ್ಷ ಬಂದದ್ದಲ್ಲ, ಹಿಂದೆ ಯಾರೂ ಅವರ ಹೆಸರು ಬರೆದಿರಲಿಲ್ಲ. ಮುಂದೆ ದುಡ್ಡಿಲ್ಲ ಅಂತ ಆ ಪದ್ಧತಿಯನ್ನು ಕೈಬಿಟ್ಟರು, ಅದು ಬೇರೆ ಸಂಕಟ. ನಾರ್ತ್ ಕೆರೊಲಿನಾ ರಾಜ್ಯ 2018ರಲ್ಲಿ ಕಾನೂನನ್ನೇ ತಂದಿತು: ರಾಜ್ಯ ಪರೀಕ್ಷೆಯಲ್ಲಿ ಮೇಲಿನ ಹಂತ ಮುಟ್ಟಿದ ಮಗುವಿಗೆ ಮುಂದಿನ ವರ್ಷ ಅಡ್ವಾನ್ಸ್ಡ್ ಮ್ಯಾಥ್ಸ್‌ನಲ್ಲಿ ಜಾಗ ಕೊಡಲೇಬೇಕು.

ನಿಮ್ಮ ಗುಂಪಿನವರ ಒಂದು ಭಯಕ್ಕೆ ಮಾತ್ರ ಆಧಾರವಿದೆ. ಸಮಾನತೆ ಅಂತ ಹೇಳಿ ಮೇಲಿನ ಕ್ಲಾಸನ್ನೇ ತೆಗೆದುಹಾಕಿದ ಊರುಗಳಿವೆ. ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ 2014ರಿಂದ 8ನೇ ತರಗತಿಯ ಆಲ್ಜೀಬ್ರಾ ನಿಲ್ಲಿಸಿ ಎಲ್ಲರಿಗೂ 9ಕ್ಕೆ ತಳ್ಳಿದರು. ದುಡ್ಡಿದ್ದವರು ಹೊರಗೆ ಕಲಿಸಿಕೊಂಡರು. ಮೇಲಿನ ಕೋರ್ಸುಗಳಲ್ಲಿ ಜನಾಂಗಗಳ ನಡುವಿನ ಅಂತರ ಕರಗಲಿಲ್ಲ, 2024ರಲ್ಲಿ ಅದನ್ನು ಮತ್ತೆ ತರುವ ತೀರ್ಮಾನವಾಯಿತು. ಅದನ್ನು ನಾನೂ ವಿರೋಧಿಸುತ್ತೇನೆ. ನಿಮ್ಮ ಊರಿನವರು ಮಾಡಲು ಹೊರಟಿರುವುದು ಅದಕ್ಕೆ ತದ್ವಿರುದ್ಧ.

ಸಭೆಯಲ್ಲಿ ಮಾತಾಡಿ, ಆದರೆ ಇದನ್ನು ಕೇಳಿ: ಗೆರೆ ದಾಟಿದ ಮಕ್ಕಳು ಜಾಸ್ತಿಯಾದರೆ ಇನ್ನೊಂದು ಸೆಕ್ಷನ್ ತೆರೆಯುತ್ತೀರಾ? ಅದಕ್ಕೆ ಟೀಚರ್ ಇದ್ದಾರಾ? ಗೆರೆಗೆ ಎರಡು ಮೂರು ಅಂಕ ಕಡಿಮೆ ಬಂದವರಿಗೆ ಬೇಸಿಗೆಯಲ್ಲಿ ಪಾಠ ಇಡುತ್ತೀರಾ? ಈ ಪ್ರಶ್ನೆಗಳು ನಿಮ್ಮ ಮಗಳನ್ನೂ ಕಾಯುತ್ತವೆ, ಆ ಹುಡುಗಿಯಂಥವರನ್ನೂ ಕಾಯುತ್ತವೆ.

ಗುಂಪಿನಲ್ಲಿ ಯಾರಾದರೂ “ಇದು ಅವರ ವಿಷಯ, ನಮಗೇನು” ಅಂದರೆ ಒಂದು ಹಳೆಯ ಕೇಸು ನೆನಪಿಸಿ. 1924ರಲ್ಲಿ ಮಿಸಿಸಿಪ್ಪಿಯ ರೋಸ್‌ಡೇಲ್‌ನಲ್ಲಿ ಮಾರ್ಥಾ ಲಮ್ ಎಂಬ ಚೀನೀ ಮೂಲದ ಬಾಲಕಿಯನ್ನು ಬಿಳಿಯರ ಶಾಲೆಯಿಂದ ಹೊರಹಾಕಿದರು. 1927ರಲ್ಲಿ ಸುಪ್ರೀಂ ಕೋರ್ಟು ಅದು ಸರಿ ಅಂದಿತು. ಅದಕ್ಕೂ ಮೊದಲು, 1923ರಲ್ಲಿ, ಅಮೆರಿಕದ ಸೈನ್ಯದಲ್ಲಿ ದುಡಿದಿದ್ದ ಪಂಜಾಬಿನ ಭಗತ್ ಸಿಂಗ್ ಥಿಂದ್ ಅವರಿಗೆ ‘ನೀನು ಬಿಳಿಯನಲ್ಲ’ ಅಂತ ಪೌರತ್ವ ನಿರಾಕರಿಸಿದ್ದು ಅದೇ ಕೋರ್ಟು. ನಮ್ಮವರಿಗೆ ಬಾಗಿಲು ಅಗಲವಾಗಿ ತೆರೆದದ್ದು 1965ರ ವಲಸೆ ಕಾಯ್ದೆಯಿಂದ. ಅದರ ಹಿಂದಿನ ವರ್ಷವಷ್ಟೇ ನಾಗರಿಕ ಹಕ್ಕು ಕಾಯ್ದೆ ಬಂದಿತ್ತು. ಕಪ್ಪು ಜನ ಬೀದಿಯಲ್ಲಿ ನಾಯಿ, ಲಾಠಿ, ನೀರಿನ ಫಿರಂಗಿ ಎದುರಿಸಿದ ಕಾಲ ಅದು. ಆ ಗಾಳಿಯಲ್ಲೇ ನಮ್ಮ ಕಾಯ್ದೆಯೂ ಪಾಸಾಯಿತು.

ಪ್ರಶ್ನೆ: ನಾನು ಧಾರವಾಡದಲ್ಲಿ ಬಿ.ಎಡ್. ಓದುತ್ತಿದ್ದೇನೆ. 1954ರಲ್ಲೇ ಅಮೆರಿಕದ ಕೋರ್ಟು ಶಾಲೆಗಳಲ್ಲಿ ವರ್ಣಭೇದ ರದ್ದುಮಾಡಿತು. ಎಪ್ಪತ್ತು ವರ್ಷ ಕಳೆದರೂ ಕರಿಯರ ಮಕ್ಕಳು ಹಿಂದಿದ್ದಾರೆ ಎಂದರೆ ಅದು ಬಡತನದ, ಮನೆಯ ವಾತಾವರಣದ ಪ್ರಶ್ನೆ ಅಲ್ಲವೇ? ಜನಾಂಗವನ್ನು ಯಾಕೆ ತರುತ್ತಾರೆ?
– ಬಿ.ಎಡ್. ವಿದ್ಯಾರ್ಥಿ, ಧಾರವಾಡ

ಉತ್ತರ: ನಾನು ‘ಕಪ್ಪು ಮಕ್ಕಳು’ ಅಂತ ಬರೆಯುತ್ತೇನೆ. ನೀವು ಬಳಸಿದ ಪದ ನಮ್ಮಲ್ಲಿ ಬೈಗುಳವಾಗಿಯೂ ಓಡಾಡುತ್ತದೆ, ಬಿಟ್ಟುಬಿಡಿ.

ತೀರ್ಪು 1954ರದ್ದು ನಿಜ, ಆದರೆ ಅದು ಶಾಲೆಯ ಬಾಗಿಲಿಗೆ ಬಂದು ಮುಟ್ಟಿದ್ದು ಯಾವಾಗ? ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಕೌಂಟಿಯ ಕಥೆ ಓದಿ. 1951ರಲ್ಲಿ ಅಲ್ಲಿನ ಮೋಟನ್ ಹೈಸ್ಕೂಲಿನ ಕಪ್ಪು ಮಕ್ಕಳು ಟಾರು ಕಾಗದ ಹೊದಿಸಿದ ಗುಡಿಸಲುಗಳಲ್ಲಿ ಪಾಠ ಕೇಳುತ್ತಿದ್ದರು. ಬಾರ್ಬರಾ ಜಾನ್ಸ್ ಎಂಬ 16 ವರ್ಷದ ಹುಡುಗಿ ಶಾಲೆಯ ಮಕ್ಕಳನ್ನೆಲ್ಲ ಸೇರಿಸಿ ಮುಷ್ಕರ ಹೂಡಿದಳು. 1954ರ ತೀರ್ಪಿನಲ್ಲಿ ಒಟ್ಟುಗೂಡಿದ ಐದು ಕೇಸುಗಳಲ್ಲಿ ಒಂದು ಅಲ್ಲಿಂದ ಹೋದದ್ದು. ಗೆದ್ದ ಮೇಲೆ ಏನಾಯಿತು? ಒಟ್ಟಿಗೆ ಕೂರಿಸುವುದಕ್ಕಿಂತ ಶಾಲೆಯೇ ಬೇಡ ಅಂತ ಕೌಂಟಿಯವರು 1959ರಿಂದ 1964ರವರೆಗೆ ಎಲ್ಲ ಸಾರ್ವಜನಿಕ ಶಾಲೆಗಳಿಗೂ ಬೀಗ ಹಾಕಿದರು. ಬಿಳಿಯ ಮಕ್ಕಳಿಗೆ ಖಾಸಗಿ ಶಾಲೆ ಎದ್ದಿತು. 1963ರಲ್ಲಿ ದಾನದ ಹಣದಿಂದ ತಾತ್ಕಾಲಿಕ ಉಚಿತ ಶಾಲೆ ತೆರೆಯುವವರೆಗೆ ಕಪ್ಪು ಮಕ್ಕಳಲ್ಲಿ ಬಹಳಷ್ಟು ಮಂದಿ ಮನೆಯಲ್ಲೇ ಉಳಿದರು. ಅವರು ಇವತ್ತಿನ ಅಜ್ಜ ಅಜ್ಜಿಯರು. ‘ಮನೆಯ ವಾತಾವರಣ’ ಅನ್ನುವಾಗ ಆ ಬೀಗವೂ ಮನೆಯೊಳಗೇ ಇದೆ.

ಬಡತನದ ಮಾತಿಗೂ ಹಾಗೇ ಒಂದು ಹಿನ್ನೆಲೆ ಇದೆ. 1930ರ ದಶಕದಲ್ಲಿ ಸರ್ಕಾರಿ ಸಂಸ್ಥೆಯೇ ನಗರಗಳ ನಕ್ಷೆ ಬರೆದು ಕಪ್ಪು ಜನರಿದ್ದ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿಯಿತು. ಅಂಥ ಕಡೆ ಮನೆ ಸಾಲ ಸಿಗುವುದು ಕಷ್ಟವಾಯಿತು, ಮನೆಗಳ ಬೆಲೆ ಏರಲಿಲ್ಲ. ಆ ದೇಶದಲ್ಲಿ ಶಾಲೆಯ ದುಡ್ಡಿನ ದೊಡ್ಡ ಪಾಲು ಬರುವುದು ಊರಿನ ಮನೆ-ಜಾಗದ ತೆರಿಗೆಯಿಂದ, ಕೇಂದ್ರ ಸರ್ಕಾರದ ಪಾಲು ಸುಮಾರು ಹತ್ತರಲ್ಲಿ ಒಂದು ಭಾಗ ಮಾತ್ರ. ಮನೆ ಅಗ್ಗವಾದರೆ ತೆರಿಗೆ ಕಡಿಮೆ, ತೆರಿಗೆ ಕಡಿಮೆಯಾದರೆ ಶಾಲೆ ಬಡವಾಗುತ್ತದೆ. ಇದು ಅನ್ಯಾಯ ಅಂತ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದ ತಂದೆತಾಯಿಯರು ಕೋರ್ಟಿಗೆ ಹೋದರು. 1973ರಲ್ಲಿ ಸುಪ್ರೀಂ ಕೋರ್ಟು, ಶಿಕ್ಷಣ ಸಂವಿಧಾನದ ಮೂಲಭೂತ ಹಕ್ಕಲ್ಲ ಅಂತ 5–4ರಲ್ಲಿ ತೀರ್ಪು ಕೊಟ್ಟಿತು. ಮರುವರ್ಷ ಡೆಟ್ರಾಯಿಟ್ ಕೇಸಿನಲ್ಲಿ ಮತ್ತೆ 5–4: ನಗರದ ಮಕ್ಕಳನ್ನೂ ಹೊರವಲಯದ ಮಕ್ಕಳನ್ನೂ ಜಿಲ್ಲೆಯ ಗಡಿ ದಾಟಿಸಿ ಬೆರೆಸುವ ಯೋಜನೆಗೆ ಒಪ್ಪಲಿಲ್ಲ. ಬಿಳಿಯರು ಗಡಿಯಾಚೆ ಹೋಗಿ ನೆಲೆಸಿದರೆ ಮುಗಿಯಿತು, ಕೋರ್ಟಿನ ಕೈ ಅಲ್ಲಿಗೆ ಚಾಚದು.

ಆದರೂ ಅಂತರ ಕರಗಿಸಬಹುದು ಅನ್ನುವುದಕ್ಕೆ ಸಾಕ್ಷಿ ಆ ದೇಶದ ರಾಷ್ಟ್ರಮಟ್ಟದ ಮೌಲ್ಯಮಾಪನದಲ್ಲೇ ಇದೆ. 500 ಅಂಕಗಳ ಆ ಅಳತೆಯಲ್ಲಿ, 17 ವರ್ಷದವರ ಓದಿನಲ್ಲಿ ಬಿಳಿ ಮತ್ತು ಕಪ್ಪು ವಿದ್ಯಾರ್ಥಿಗಳ ನಡುವೆ 1971ರಲ್ಲಿ 53 ಅಂಕಗಳ ಅಂತರವಿತ್ತು. 1988ರಲ್ಲಿ ಅದು 20ಕ್ಕೆ ಇಳಿಯಿತು. ಹದಿನೇಳೇ ವರ್ಷದಲ್ಲಿ! ದಕ್ಷಿಣದ ಶಾಲೆಗಳು ನಿಜವಾಗಿ ಬೆರೆತದ್ದು, ಬಡ ಮಕ್ಕಳ ಶಾಲೆಗಳಿಗೆ 1965ರ ಶಿಕ್ಷಣ ಕಾಯ್ದೆಯಿಂದ ಕೇಂದ್ರದ ದುಡ್ಡು ಹೋದದ್ದು, ಹೆಡ್ ಸ್ಟಾರ್ಟ್ ಎಂಬ ಶಾಲಾಪೂರ್ವ ಕಾರ್ಯಕ್ರಮ ಬೆಳೆದದ್ದು ಆ ಪೀಳಿಗೆಯ ಕಾಲದಲ್ಲೇ. ಆಮೇಲೆ ಅಂತರ ಮತ್ತೆ ಹಿಗ್ಗಿತು.

ಇನ್ನೊಂದು ಪ್ರಯೋಗ, ನಿಮ್ಮ ಪರೀಕ್ಷೆಗೂ ಆದೀತು. ಟೆನೆಸಿ ರಾಜ್ಯದಲ್ಲಿ 1985ರಿಂದ 1989ರವರೆಗೆ ಚಿಕ್ಕ ಮಕ್ಕಳನ್ನು ಚೀಟಿ ಎತ್ತಿದಂತೆ ಹಂಚಿ, ಕೆಲವರನ್ನು 13ರಿಂದ 17 ಮಕ್ಕಳ ಕ್ಲಾಸಿಗೆ, ಉಳಿದವರನ್ನು 22ರಿಂದ 25 ಮಕ್ಕಳ ಕ್ಲಾಸಿಗೆ ಹಾಕಿದರು. ಚಿಕ್ಕ ಕ್ಲಾಸಿನ ಮಕ್ಕಳೆಲ್ಲ ಚೆನ್ನಾಗಿ ಕಲಿತರು, ಹೆಚ್ಚು ಲಾಭ ಪಡೆದವರು ಕಪ್ಪು ಮಕ್ಕಳು. ಅವರ ಮನೆ, ಸಂಬಳ, ತಂದೆತಾಯಿ ಯಾವುದೂ ಬದಲಾಗಿರಲಿಲ್ಲ. ಟೀಚರ್ ಹತ್ತಿರ ಬಂದಿದ್ದರು, ಅಷ್ಟೇ.

ಗ್ಲೋರಿಯಾ ಲ್ಯಾಡ್ಸನ್-ಬಿಲ್ಲಿಂಗ್ಸ್ ಎಂಬ ಶಿಕ್ಷಣತಜ್ಞೆ 2006ರಲ್ಲಿ, ‘ಸಾಧನೆಯ ಅಂತರ’ ಅನ್ನುವ ಬದಲು ‘ಶಿಕ್ಷಣದ ಸಾಲ’ ಅಂತ ನೋಡಿ ಎಂದರು. ನನಗೆ ಆ ಮಾತು ಹಿಡಿಸಿತು. ಅಂತರ ಅಂದರೆ ಹಿಂದೆ ಬಿದ್ದ ಮಗುವಿನ ಕಡೆ ನೋಡುತ್ತೇವೆ. ಸಾಲ ಅಂದಕೂಡಲೇ, ತೀರಿಸಬೇಕಾದವರು ಯಾರು ಅಂತ ಹುಡುಕುತ್ತೇವೆ.

ಪ್ರಶ್ನೆ: ಅಕ್ಕಾ, ನಾನು ಮೈಸೂರಿನವಳು. ಟೆಕ್ಸಾಸ್‌ನಲ್ಲಿ ಈ ಆಗಸ್ಟ್‌ನಿಂದ 8ನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಕ್ಲಾಸಿನಲ್ಲಿ ಕಪ್ಪು ಮತ್ತು ಲ್ಯಾಟಿನೊ ಮಕ್ಕಳೇ ಹೆಚ್ಚು. ಒಬ್ಬ ಕಪ್ಪು ಹುಡುಗ ದಿನಾ ಮೇಜಿನ ಮೇಲೆ ತಲೆ ಇಟ್ಟು ಮಲಗುತ್ತಾನೆ. ಎಬ್ಬಿಸಿದರೆ ಎದುರು ಮಾತಾಡುತ್ತಾನೆ. “ಆಫೀಸಿಗೆ ಕಳಿಸಿ, ಎರಡು ದಿನ ಸಸ್ಪೆಂಡ್ ಆದರೆ ದಾರಿಗೆ ಬರುತ್ತಾನೆ” ಅಂತ ಸಹೋದ್ಯೋಗಿಗಳು ಹೇಳುತ್ತಾರೆ. ನಾನು ಬಿಳಿಯಳೂ ಅಲ್ಲ, ಕಪ್ಪೂ ಅಲ್ಲ. ಈ ಮಕ್ಕಳಿಗೆ ನನ್ನಿಂದ ಏನಾದೀತು?
– ಹೊಸ ಟೀಚರ್, ಟೆಕ್ಸಾಸ್

ಉತ್ತರ: ಕಳಿಸಬೇಡ, ತಂಗಿ. ಎರಡು ದಿನ ಹೊರಗಿದ್ದರೆ ಎರಡು ದಿನದ ಪಾಠ ಹೋಗುತ್ತದೆ, ತಿರುಗಿ ಬಂದವನಿಗೆ ಏನೂ ಅರ್ಥವಾಗದೆ ಮತ್ತೆ ತಲೆ ಇಡುತ್ತಾನೆ. ಒಂದು ಲೆಕ್ಕ ಹೇಳುತ್ತೇನೆ. 2013–14ರ ಕೇಂದ್ರ ಶಿಕ್ಷಣ ಇಲಾಖೆಯ ಅಂಕಿಗಳಲ್ಲಿ, ಸಾರ್ವಜನಿಕ ಶಾಲೆಗಳ ಶಾಲಾಪೂರ್ವ ತರಗತಿಯ ಮಕ್ಕಳಲ್ಲಿ ಕಪ್ಪು ಮಕ್ಕಳು ಶೇ 19. ಅದೇ ತರಗತಿಗಳಿಂದ ಸಸ್ಪೆಂಡ್ ಆಗಿ ಮನೆಗೆ ಹೋದವರಲ್ಲಿ ಅವರು ಶೇ 47. ಮೂರು ನಾಲ್ಕು ವರ್ಷದ ಕೂಸುಗಳು! ನಿನ್ನ ಹುಡುಗನಿಗೆ ಈಗ ಹದಿಮೂರೋ ಹದಿನಾಲ್ಕೋ. ಇಷ್ಟು ವರ್ಷ ಅವನು ಏನೇನು ನೋಡಿಕೊಂಡು ಬಂದಿದ್ದಾನೋ.

ಕಪ್ಪು ಟೀಚರುಗಳು ಬೇಕು ಅನ್ನುವುದು ನಿಜ. ನಾರ್ತ್ ಕೆರೊಲಿನಾದ ದಾಖಲೆಗಳನ್ನು ನೋಡಿದ ಸಂಶೋಧಕರು 2017ರಲ್ಲಿ ಹೇಳಿದ್ದು: 3ರಿಂದ 5ನೇ ತರಗತಿಯೊಳಗೆ ಒಬ್ಬರೇ ಒಬ್ಬರು ಕಪ್ಪು ಟೀಚರ್ ಸಿಕ್ಕಿದ್ದರೂ, ತುಂಬಾ ಬಡ ಮನೆಯ ಕಪ್ಪು ಹುಡುಗರು ಹೈಸ್ಕೂಲು ಬಿಡುವ ಸಾಧ್ಯತೆ ಶೇ 39 ಕಡಿಮೆಯಾಗಿತ್ತು. ಅಂಥ ಟೀಚರುಗಳು ಹಿಂದೆ ಇದ್ದರು. 1954ರ ತೀರ್ಪಿನ ನಂತರದ ಹನ್ನೊಂದು ವರ್ಷಗಳಲ್ಲಿ ದಕ್ಷಿಣದ ಮತ್ತು ಅದಕ್ಕೆ ಅಂಟಿಕೊಂಡ ಗಡಿ ರಾಜ್ಯಗಳಲ್ಲಿ ಸುಮಾರು 38,000 ಕಪ್ಪು ಶಿಕ್ಷಕರು, ಮುಖ್ಯೋಪಾಧ್ಯಾಯರು ಕೆಲಸ ಕಳೆದುಕೊಂಡರು. ಮಕ್ಕಳನ್ನು ಬಿಳಿಯರ ಶಾಲೆಗೆ ಸೇರಿಸಿಕೊಂಡರು, ಅವರ ಟೀಚರುಗಳನ್ನು ಸೇರಿಸಿಕೊಳ್ಳಲಿಲ್ಲ. ಆ ಖಾಲಿ ಜಾಗವನ್ನು ನೀನಾಗಲಿ ನಾನಾಗಲಿ ತುಂಬಲಾರೆವು. ನಿನ್ನ ಶಾಲೆಯಲ್ಲಿ ಕಪ್ಪು ಟೀಚರ್ ಯಾರಾದರೂ ಇದ್ದರೆ ಅವರ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಒಂದು ದಿನ ಕೂತು ನೋಡು.

ನಿನ್ನ ಕೈಯಲ್ಲಿರುವುದು ಇಷ್ಟು. ಆ ಎರಡು ಹಾಳೆಯ ಘಟನೆ ಆದಮೇಲೆ ನಾನು ಸೀಟಿಂಗ್ ಚಾರ್ಟನ್ನು ಕ್ಲಿಪ್‌ಬೋರ್ಡಿಗೆ ಹಾಕಿಕೊಂಡು ಪಾಠ ಮಾಡಲು ಶುರುಮಾಡಿದೆ. ಯಾವ ಮಗುವಿಗೆ ಪ್ರಶ್ನೆ ಕೇಳಿದೆನೋ ಅದರ ಹೆಸರಿನ ಮುಂದೆ ಒಂದು ಗೀಟು. ಗದರಿದರೆ ಒಂದು ಚುಕ್ಕೆ. ಮೊದಲ ವಾರದ ಶುಕ್ರವಾರ ನೋಡಿದರೆ ಗೀಟುಗಳೆಲ್ಲ ಮುಂದಿನ ಎರಡು ಸಾಲಿನಲ್ಲಿ, ಚುಕ್ಕೆಗಳೆಲ್ಲ ಹಿಂದಿನ ಬಲಮೂಲೆಯಲ್ಲಿ. ಆ ಮೂಲೆಯಲ್ಲಿ ಕೂತಿದ್ದವರು ನಾಲ್ವರು ಕಪ್ಪು ಹುಡುಗರು. ಐದು ದಿನ ನಾನು ಅವರಲ್ಲಿ ಇಬ್ಬರಿಗೆ ಒಂದೇ ಒಂದು ಗಣಿತದ ಪ್ರಶ್ನೆಯನ್ನೂ ಕೇಳಿರಲಿಲ್ಲ. ಮುಂದಿನ ವಾರದಿಂದ ಅಲ್ಲಿಂದಲೇ ಪಾಠ ಶುರುಮಾಡಿದೆ. ಪ್ರಶ್ನೆ ಕೇಳಿದ ಮೇಲೆ ಉತ್ತರ ಬರುವವರೆಗೆ ಮನಸ್ಸಿನಲ್ಲೇ ಐದರವರೆಗೆ ಎಣಿಸುತ್ತಿದ್ದೆ. ಅದಕ್ಕೆ ಮುಂಚೆ ಎರಡಕ್ಕೇ ಬೇರೆ ಮಗುವಿನ ಕಡೆ ತಿರುಗಿಬಿಡುತ್ತಿದ್ದೆ. ಅವರ ಮೊದಲ ಉತ್ತರಗಳು ಬಂದದ್ದು ಎರಡು ವಾರ ಕಳೆದ ಮೇಲೆ, ಅದೂ ತಪ್ಪು ಉತ್ತರಗಳು. ಆದರೂ ನನಗೆ ಹಬ್ಬವಾಗಿತ್ತು.

ಸೋಮವಾರ ಕ್ಲಾಸು ಶುರುವಾಗುವ ಮೊದಲು, ಬೇರೆ ಮಕ್ಕಳಿಗೆ ಕೇಳಿಸದ ಹಾಗೆ, ಆ ಹುಡುಗನನ್ನು ಎರಡು ವಿಷಯ ಕೇಳು. ನಿನ್ನ ಹೆಸರನ್ನು ನಾನು ಸರಿಯಾಗಿ ಕರೆಯುತ್ತಿದ್ದೇನಾ? ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತೀಯ? ಬೈಯುವ ದನಿ ಬೇಡ. ಅವನು ಉತ್ತರ ಕೊಡದಿದ್ದರೆ ಮಂಗಳವಾರ ಮತ್ತೆ ಕೇಳು. ಆ ವಾರವೇ ಮನೆಗೊಂದು ಫೋನು ಮಾಡು, ಆದರೆ ದೂರು ಹೇಳಲು ಅಲ್ಲ. ಅವನು ಮಾಡಿದ ಒಂದು ಒಳ್ಳೆಯ ಕೆಲಸ ಹುಡುಕಿಟ್ಟುಕೊಂಡು ಅದನ್ನು ಹೇಳು. ಮಗನ ಶಾಲೆಯಿಂದ ಬಂದ ಫೋನು ಅಂದಕೂಡಲೇ ಆ ತಾಯಿಯ ದನಿ ಹೆದರುತ್ತದೆ, ಆ ದನಿ ಸಡಿಲಾಗುವವರೆಗೆ ಫೋನು ಇಡಬೇಡ. ಹುಡುಗ ಏನು ಹೇಳಿದ ಅಂತ ನನಗೆ ಬರೆ.